ಬಾರದ ವರ್ಷದ ಸರದಿಯನ್ನು ಇಂದೇ ಮಾರುವ ಲೆಕ್ಕ

ಪ್ರಶ್ನೆ: ಕೆಲಸದ ನಿಮಿತ್ತ ಅಮೆರಿಕದ ಷಾರ್ಲೆಟ್ ನಗರಕ್ಕೆ ಬಂದು ಆರು ವರ್ಷಗಳಾದವು. ಸಹೋದ್ಯೋಗಿಗಳ ಸಹವಾಸದಿಂದ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಕ್ಯಾರೊಲೈನಾ ಪ್ಯಾಂಥರ್ಸ್‌ನ ಅಭಿಮಾನಿಯಾಗಿದ್ದೇನೆ. 2023ರ ಡ್ರಾಫ್ಟ್‌ನಲ್ಲಿ ಮೊದಲ ಆಟಗಾರನನ್ನು ಆರಿಸುವ ಹಕ್ಕಿಗಾಗಿ ನಮ್ಮ ತಂಡವು ಶಿಕಾಗೊ ಬೇರ್ಸ್‌ಗೆ ಆ ವರ್ಷದ 9 ಮತ್ತು 61ನೇ ಸರದಿ, 2024ರ ಮೊದಲ ಸುತ್ತಿನ ಸರದಿ, 2025ರ ಎರಡನೇ ಸುತ್ತಿನ ಸರದಿ, ಸಾಲದ್ದಕ್ಕೆ ಡಿ.ಜೆ. ಮೂರ್ ಎಂಬ, ಎಸೆದ ಚೆಂಡನ್ನು ಹಿಡಿಯುವ ಒಳ್ಳೆಯ ರಿಸೀವರ್‌ನನ್ನೂ ಕೊಟ್ಟಿತು. ಇಂಥ ಬೆಲೆಯನ್ನು ಯಾವ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ? ನಮ್ಮವರು ಮೋಸ ಹೋದರೆ?

ಉತ್ತರ: ಮೋಸ ಹೋದರೆನ್ನಲಾಗದು. ಆ ದಿನದ ಪೇಟೆ ಧಾರಣೆಗೆ ತಕ್ಕಂತೆಯೇ ವ್ಯಾಪಾರ ನಡೆದಿತ್ತು. ಎಡವಟ್ಟಾದದ್ದು ಬೆಲೆಯನ್ನು ಪಾವತಿ ಮಾಡಿದ ಬಗೆಯಲ್ಲಿ. ಅದನ್ನು ವಿವರಿಸುವ ಮೊದಲು ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು ಹೇಳಬೇಕು. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಕಾಲೇಜು ಆಟಗಾರರನ್ನು ಏಳು ಸುತ್ತುಗಳಲ್ಲಿ, ಒಬ್ಬರಾದ ಮೇಲೊಬ್ಬರಂತೆ ಆರಿಸಿಕೊಳ್ಳುತ್ತವೆ; ಇದೇ ಡ್ರಾಫ್ಟ್. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ತಂಡಕ್ಕೆ ಸುತ್ತಿನ ಕೊನೆಯ ಸರದಿ. ಐಪಿಎಲ್ ಹರಾಜಿನಲ್ಲಾದರೆ ಕೈಯಲ್ಲಿ ಹಣ ಉಳಿದಿರುವ ಯಾವ ತಂಡವೂ ಯಾವ ಆಟಗಾರನಿಗಾದರೂ ಬೆಲೆ ಕೂಗಬಹುದು. ಇಲ್ಲಿ ಆ ಸೌಲಭ್ಯವಿಲ್ಲ, ಸರದಿಯೇ ನಾಣ್ಯ. ಅದನ್ನು ಇನ್ನೊಂದು ತಂಡದೊಡನೆ ಬದಲಾಯಿಸಿಕೊಳ್ಳಬಹುದು, ಇನ್ನೂ ಬಾರದ ವರ್ಷಗಳ ಸರದಿಗಳನ್ನೂ ಈಗಲೇ ಕೊಟ್ಟುಬಿಡಬಹುದು.

ಈ ನಾಣ್ಯಕ್ಕೆ ಮೊದಲು ಮುಖಬೆಲೆ ಬರೆದದ್ದು ಡಲ್ಲಾಸ್ ಕೌಬಾಯ್ಸ್ ತಂಡ. 1989ರ ಅಕ್ಟೋಬರ್‌ನಲ್ಲಿ ಅದು ಚೆಂಡು ಹಿಡಿದು ಓಡುವ ತನ್ನ ಹೆಸರಾಂತ ಓಟಗಾರ ಹರ್ಷಲ್ ವಾಕರ್‌ನನ್ನು ಮಿನೆಸೋಟ ವೈಕಿಂಗ್ಸ್‌ಗೆ ಬಿಟ್ಟುಕೊಟ್ಟು, ಬದಲಿಗೆ ಹಲವು ಆಟಗಾರರನ್ನೂ ಬುಟ್ಟಿ ತುಂಬ ಸರದಿಗಳನ್ನೂ ಪಡೆದುಕೊಂಡಿತು. ಆ ಋತುವಿನಲ್ಲಿ ಒಂದೇ ಪಂದ್ಯ ಗೆದ್ದು ಹದಿನೈದರಲ್ಲಿ ಸೋತ ತಂಡ 1992, 1993 ಮತ್ತು 1995ರ ಋತುಗಳಲ್ಲಿ ಸೂಪರ್ ಬೌಲ್ ಗೆದ್ದದ್ದಕ್ಕೆ ಆ ಬುಟ್ಟಿಯೂ ಒಂದು ಮುಖ್ಯ ಕಾರಣ. ಅಷ್ಟೊಂದು ಸರದಿಗಳನ್ನು ಕೈಯಲ್ಲಿಟ್ಟುಕೊಂಡು ದಿನಕ್ಕೆ ಹತ್ತು ಫೋನ್ ಕರೆ ಸ್ವೀಕರಿಸುವವರಿಗೆ ಒಂದು ದರಪಟ್ಟಿ ಬೇಕಾಗುತ್ತದೆ. ತಂಡದ ಪಾಲುದಾರರಲ್ಲೊಬ್ಬರಾದ ಮೈಕ್ ಮೆಕಾಯ್ 1991ರಲ್ಲಿ ಹಳೆಯ ವಿನಿಮಯಗಳನ್ನೆಲ್ಲ ಹರಡಿಕೊಂಡು ಅದನ್ನು ಸಿದ್ಧಪಡಿಸಿದರು. ಆಗಿನ ತರಬೇತುದಾರರ ಹೆಸರಿನಲ್ಲಿ ಅದು ಜಿಮ್ಮಿ ಜಾನ್ಸನ್ ಕೋಷ್ಟಕವೆಂದೇ ಪ್ರಸಿದ್ಧವಾಯಿತು. ಅದರಲ್ಲಿ ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2600, ಹತ್ತನೆಯದಕ್ಕೆ 1300, ಹದಿನಾರನೆಯದಕ್ಕೆ 1000, 32ನೆಯದಕ್ಕೆ 590. ಹಿಂದೆ ಜನ ಎಷ್ಟು ಕೊಟ್ಟಿದ್ದರು ಎಂಬುದನ್ನು ನೋಡಿ ಮಾಡಿದ ಪಟ್ಟಿಯಿದು. ಎಷ್ಟು ಕೊಡುವುದು ಯೋಗ್ಯ ಎಂಬುದನ್ನು ಅದು ಅಳೆದಿರಲೇ ಇಲ್ಲ. ಈಗ ಪ್ರತಿ ತಂಡಕ್ಕೂ ತನ್ನದೇ ಪಟ್ಟಿಯಿದ್ದರೂ ಮಾತುಕತೆ ಶುರುವಾಗುವುದು ಇಂದಿಗೂ ಬಹುಮಟ್ಟಿಗೆ ಈ ಹಳೆಯ ಅಂಕಗಳಿಂದಲೇ.

ಇನ್ನು ನಿಮ್ಮ ತಂಡದ ಲೆಕ್ಕ ತೆಗೆದು ನೋಡೋಣ. ಕೊಂಡದ್ದು 3000 ಅಂಕದ ಸರಕು. ಅದಕ್ಕೆ ಅಲ್ಲೇ ನಗದಾಗಿ ಕೊಟ್ಟ 9ನೇ ಸರದಿಗೆ 1350, 61ನೆಯದಕ್ಕೆ 292, ಒಟ್ಟು 1642. ಉಳಿದ 1358 ಅಂಕಗಳನ್ನು ಮೂರ್ ಅವರ ಮೂಲಕವೂ ಮುಂದಿನ ಎರಡು ವರ್ಷಗಳ ಸರದಿಗಳ ಮೂಲಕವೂ ತುಂಬಿಕೊಡಬೇಕಾಯಿತು. ಕೇಳಿದರೆ ನ್ಯಾಯವಾಗಿಯೇ ಇದೆ. ಆದರೆ ಮಲೆನಾಡಿನ ಅಡಿಕೆ ತೋಟದವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಸಲು ಕೈಗೆ ಬರುವ ಮೊದಲೇ ತೋಟವನ್ನು ಚೇಣಿ ಕೊಟ್ಟವನಿಗೆ ಆ ಬಾರಿಯ ಬೆಳೆ ಎಷ್ಟು ತೂಗೀತು ಎಂಬುದು ಗೊತ್ತಿರುವುದಿಲ್ಲ. ಬೆಳೆ ಭರ್ಜರಿಯಾದರೆ ಲಾಭ ಚೇಣಿ ಹಿಡಿದವನದು. ಡ್ರಾಫ್ಟ್‌ನಲ್ಲಿ ಇನ್ನೂ ಒಂದು ವಿಚಿತ್ರವಿದೆ: ತಂಡ ಎಷ್ಟು ಸೋಲುತ್ತದೆಯೋ ಅದರ ಸರದಿ ಅಷ್ಟು ಬೆಲೆಬಾಳುತ್ತದೆ. ಪ್ಯಾಂಥರ್ಸ್ 2023ರ ಋತುವಿನಲ್ಲಿ 2 ಪಂದ್ಯ ಗೆದ್ದು 15ರಲ್ಲಿ ಸೋತಿತು. ಹೀಗಾಗಿ ಶಿಕಾಗೊಗೆ ಬರೆದುಕೊಟ್ಟಿದ್ದ 2024ರ ಮೊದಲ ಸುತ್ತಿನ ಸರದಿ ಇಡೀ ಡ್ರಾಫ್ಟ್‌ನ ಮೊದಲ ಸರದಿಯೇ ಆಯಿತು. ಹಳೆಯ ಕೋಷ್ಟಕದಲ್ಲಿ ಅದೊಂದಕ್ಕೇ 3000 ಅಂಕ. ಬೇರ್ಸ್ ಅದರಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ) ಕೇಲಬ್ ವಿಲಿಯಮ್ಸ್‌ನನ್ನು ಆರಿಸಿಕೊಂಡಿತು. ಕೊಂಡ ಸರಕಿನ ಪೂರ್ತಿ ಬೆಲೆಯನ್ನು ಒಂದು ಕಂತಿನಲ್ಲಿ ಮತ್ತೆ ಕಟ್ಟಿದಂತಾಯಿತು, ಮಿಕ್ಕ ಕಂತುಗಳು ಬೇರೆ.

ಕೊಂಡ ಆ ಮೊದಲ ಸರದಿಯಲ್ಲಿ ಪ್ಯಾಂಥರ್ಸ್ ಆರಿಸಿದ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ ಮುಂದೆ ಎಷ್ಟೇ ಚೆನ್ನಾಗಿ ಆಡಲಿ, ಈ ಮಾತು ಬದಲಾಗುವುದಿಲ್ಲ. ಗಟ್ಟಿಯಿಲ್ಲದ ತಂಡ ತನ್ನ ಮುಂದಿನ ವರ್ಷದ ಸರದಿಯನ್ನು ಎಂದಿಗೂ ಸಾಧಾರಣ ಬೆಲೆಗೆ ಮಾರಬಾರದು. ಆ ಸರದಿ ದುಬಾರಿಯಾಗುವ ಸಂಭವ ಅಂಥ ತಂಡಕ್ಕೇ ಎಲ್ಲರಿಗಿಂತ ಹೆಚ್ಚು. ವಾಷಿಂಗ್ಟನ್ ತಂಡವೂ ಇದೇ ಪಾಠಕ್ಕೆ ಶುಲ್ಕ ಕಟ್ಟಿದೆ. 2012ರಲ್ಲಿ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್‌ಗಾಗಿ ಆರನೇ ಸ್ಥಾನದಿಂದ ಎರಡಕ್ಕೆ ಏರಲು ಅದು ಆ ವರ್ಷದ ಎರಡನೇ ಸುತ್ತಿನ ಒಂದು ಸರದಿಯ ಜೊತೆಗೆ 2013 ಮತ್ತು 2014ರ ಮೊದಲ ಸುತ್ತಿನ ಸರದಿಗಳನ್ನು ಸೇಂಟ್ ಲೂಯಿ ರ‍್ಯಾಮ್ಸ್‌ಗೆ ಕೊಟ್ಟಿತು. ಗ್ರಿಫಿನ್ ಮೊದಲ ವರ್ಷ ಅದ್ಭುತವಾಗಿ ಆಡಿದರು, 2013ರ ಜನವರಿಯ ಪ್ಲೇಆಫ್ ಪಂದ್ಯದಲ್ಲಿ ಮೊಣಕಾಲು ಕೈಕೊಟ್ಟಿತು, ತಂಡ ಕುಸಿಯಿತು, 2014ರ ಸರದಿ ಎರಡನೇ ಸ್ಥಾನಕ್ಕೆ ಬಂದು ನಿಂತಿತು. ಏರಿ ಹೋಗಿ ಕೊಂಡಿದ್ದ ಅದೇ ಎರಡನೇ ಸ್ಥಾನ!

ಪ್ರಶ್ನೆ: ಡ್ರಾಫ್ಟ್‌ನಲ್ಲಿ ಕೆಳಗಿಳಿಯುವುದೇ ಲಾಭ, ಮೇಲೇರುವುದು ಬಹುತೇಕ ನಷ್ಟ ಎಂದು ಅರ್ಥಶಾಸ್ತ್ರಜ್ಞರು ಸಾಧಿಸಿದ್ದಾರೆಂದು ಓದಿದ್ದೇನೆ. ಹಾಗಿದ್ದರೆ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ಗಾಗಿ ಮೇಲೇರಿ ಮೂರು ಸೂಪರ್ ಬೌಲ್ ಗೆದ್ದದ್ದು ಬರೀ ಅದೃಷ್ಟವೇ? (ಮೈಸೂರಿನ ಓದುಗರು)

ಉತ್ತರ: ನೀವು ಓದಿರುವುದು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಅವರ ಅಧ್ಯಯನದ ಕುರಿತಿರಬೇಕು, ಥೇಲರ್ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವ ಶೇ 52 ಮಾತ್ರ ಎಂದು ಅವರು ಕಂಡುಕೊಂಡರು. ನಾಣ್ಯ ಚಿಮ್ಮಿದರೆ ಸಿಗುವುದಕ್ಕಿಂತ ತುಸು ಹೆಚ್ಚು, ಅಷ್ಟೆ. ಈ ವರ್ಷದ ಸರದಿಗಾಗಿ ಮುಂದಿನ ವರ್ಷದ್ದನ್ನು ಕೊಡುವ ತಂಡಗಳು ವರ್ಷಕ್ಕೆ ಶೇ 136ರ ಬಡ್ಡಿಗೆ ಸಾಲ ಮಾಡಿದಂತಾಗುತ್ತದೆ ಎಂಬ ಲೆಕ್ಕವೂ ಅವರದೇ. ನಮ್ಮೂರ ಮೀಟರ್ ಬಡ್ಡಿಯವರೂ ನಾಚಬೇಕು. ಇಂಥ ಸಾಲಕ್ಕೆ ಯಾರು ಕೈಯೊಡ್ಡುತ್ತಾರೆ ಎಂದರೆ, ಈ ವರ್ಷ ಗೆಲ್ಲದಿದ್ದರೆ ಮುಂದಿನ ವರ್ಷ ಆ ಕುರ್ಚಿಯಲ್ಲಿ ತಾವು ಇರುವುದಿಲ್ಲವೆಂದು ಬಲ್ಲ, ತಂಡ ಕಟ್ಟುವ ಹೊಣೆ ಹೊತ್ತ ಜನರಲ್ ಮ್ಯಾನೇಜರುಗಳು. ಸಾಲ ಮಾಡುವವರು ಒಬ್ಬರು, ತೀರಿಸುವವರು ಇನ್ನೊಬ್ಬರು.

ಆದರೆ ಒಂದು ವಿಷಯ ನೆನಪಿಡಬೇಕು. ಆ ಅಧ್ಯಯನದ ಕಾಲಕ್ಕೆ ಮೇಲಿನ ಸರದಿಯ ಹೊಸ ಆಟಗಾರರ ಸಂಬಳವೂ ವಿಪರೀತವಾಗಿತ್ತು. 2010ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. 2011ರಲ್ಲಿ ಹೊಸ ವೇತನ ನಿಯಮ ಬಂದ ಮೇಲೆ ಅದೇ ಮೊದಲ ಸರದಿಯಲ್ಲಿ ಆಯ್ಕೆಯಾದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಮೊದಲ ನಾಲ್ಕು ವರ್ಷ ಅಗ್ಗದಲ್ಲಿ ದೊರೆತರೆ, ಲೀಗ್ ಪ್ರತಿ ತಂಡಕ್ಕೂ ಹಾಕುವ ವೇತನ ಮಿತಿಯೊಳಗೆ ಉಳಿದ ಹಣವನ್ನು ತಂಡದ ಇತರ ಸ್ಥಾನಗಳಿಗೆ ಸುರಿಯಬಹುದು. ಆದ್ದರಿಂದ ಇಂದಿನ ಸ್ಥಿತಿಯಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬನಿಗಾಗಿ ಮೇಲೇರುವುದನ್ನು ಹುಚ್ಚಾಟವೆಂದು ತಳ್ಳಿಹಾಕಲಾಗದು. ಬೇರೆ ಸ್ಥಾನಗಳಲ್ಲಿ ಆಡುವವರಿಗಾಗಿ ಏರುವ ಮಾತು ಬಂದಾಗ 1999ರ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡವನ್ನು ನೆನೆಯಬೇಕು. ಓಟಗಾರ ರಿಕ್ಕಿ ವಿಲಿಯಮ್ಸ್ ಒಬ್ಬನಿಗಾಗಿ ಅದು ಆ ವರ್ಷ ತನ್ನಲ್ಲಿದ್ದ ಆರು ಸರದಿಗಳನ್ನೂ ಮುಂದಿನ ವರ್ಷದ ಎರಡನ್ನೂ ತೆತ್ತಿತು, ಆ ಋತುವಿನಲ್ಲಿ 13 ಪಂದ್ಯ ಸೋತಿತು, ತರಬೇತುದಾರ ಮೈಕ್ ಡಿಟ್ಕಾ ಮನೆಗೆ ಹೋದರು.

ಇನ್ನು ಮಹೋಮ್ಸ್ ವಿಚಾರ. 2017ರ ಡ್ರಾಫ್ಟ್‌ನ ಎರಡು ವಿನಿಮಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬೇರ್ಸ್ ಮೂರನೇ ಸ್ಥಾನದಿಂದ ಎರಡಕ್ಕೆ, ಒಂದೇ ಒಂದು ಮೆಟ್ಟಿಲು ಏರಿತು. ಕೋಷ್ಟಕದಂತೆ ವ್ಯತ್ಯಾಸ 400 ಅಂಕ. ಕೊಟ್ಟದ್ದು 67ನೇ ಸರದಿ (255), 111ನೇ ಸರದಿ (72), ಮುಂದಿನ ವರ್ಷದ ಮೂರನೇ ಸುತ್ತಿನ ಒಂದು ಸರದಿ. ಅಂಕಗಣಿತದಲ್ಲಿ ಕಾಸಿನಷ್ಟೂ ತಪ್ಪು ಹುಡುಕಲಾಗದ ವ್ಯಾಪಾರ. ಅದರಲ್ಲಿ ಬಂದವನು ಮಿಚ್ ಟ್ರುಬಿಸ್ಕಿ ಎಂಬ ಕ್ವಾರ್ಟರ್‌ಬ್ಯಾಕ್. ಮಹೋಮ್ಸ್ ಆಗಿನ್ನೂ ಉಳಿದಿದ್ದರು. ಚೀಫ್ಸ್ 27ನೇ ಸ್ಥಾನದಿಂದ 10ಕ್ಕೆ ಏರಲು ಬಫಲೊ ಬಿಲ್ಸ್‌ಗೆ 27ನೇ ಸರದಿ (680), 91ನೇ ಸರದಿ (136) ಮತ್ತು 2018ರ ಮೊದಲ ಸುತ್ತಿನ ಸರದಿಯನ್ನು ಕೊಟ್ಟಿತು. ಹತ್ತನೆಯದರ ಬೆಲೆ 1300. ಅಂದರೆ ಕೊರತೆ ಬಿದ್ದ 484 ಅಂಕಗಳನ್ನು ಮುಂದಿನ ವರ್ಷದ ಚೀಟಿಯೊಂದರಿಂದ ಮುಚ್ಚಿದ್ದಾಯಿತು. ಚೀಟಿ ಬರೆದವರು ಪ್ಲೇಆಫ್ ಆಡುವ ತಂಡದವರು. ಹೀಗಾಗಿ ಅದು 22ನೇ ಸರದಿಯಾಗಿ, 780 ಅಂಕಕ್ಕೆ ತೀರಿತು. ಪ್ಯಾಂಥರ್ಸ್ ಬರೆದ ಚೀಟಿ 3000ಕ್ಕೆ ತೀರಿದ್ದನ್ನು ಮೇಲೆ ನೋಡಿದೆವು. ಕಾಗದ ಒಂದೇ, ಒಕ್ಕಣೆ ಒಂದೇ. ಸಹಿ ಯಾರದು ಎಂಬುದರ ಮೇಲೆ ಮೊತ್ತ ನಿಲ್ಲುತ್ತದೆ. ಅಲ್ಲದೆ ಚೀಫ್ಸ್ ಬಳಿ ಅಲೆಕ್ಸ್ ಸ್ಮಿತ್ ಎಂಬ ಅನುಭವಿ ಕ್ವಾರ್ಟರ್‌ಬ್ಯಾಕ್ ಇದ್ದುದರಿಂದ ಮಹೋಮ್ಸ್ ಮೊದಲ ಋತುವಿನಲ್ಲಿ ಆರಂಭದಿಂದ ಆಡಿದ್ದು ಕೊನೆಯ ಒಂದು ಪಂದ್ಯದಲ್ಲಷ್ಟೆ. ಅವಸರವಿಲ್ಲದ ಮನೆಗೆ ಬಂದ ಹುಡುಗ. ಮಹೋಮ್ಸ್ ಇಷ್ಟು ದೊಡ್ಡ ಆಟಗಾರನಾದದ್ದರಲ್ಲಿ ಅದೃಷ್ಟದ ಪಾಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆತ ಸೋತಿದ್ದರೂ ಚೀಫ್ಸ್ ಮುಳುಗುತ್ತಿರಲಿಲ್ಲ ಎಂಬುದು ಅದೃಷ್ಟವಲ್ಲ.

ಮುಳುಗದೆ ಉಳಿದ ತಂಡವೊಂದು ಕಣ್ಣೆದುರೇ ಇದೆ. ಸ್ಯಾನ್ ಫ್ರಾನ್ಸಿಸ್ಕೊ 2021ರ ಮಾರ್ಚ್‌ನಲ್ಲಿ, ಡ್ರಾಫ್ಟ್‌ಗೆ ಒಂದು ತಿಂಗಳ ಮೊದಲೇ, 12ರಿಂದ 3ಕ್ಕೆ ಏರಲು 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳನ್ನೂ ಮೂರನೇ ಸುತ್ತಿನ ಒಂದನ್ನೂ ಮಯಾಮಿಗೆ ಕೊಟ್ಟಿತು. ಆರಿಸಿದ ಟ್ರೇ ಲ್ಯಾನ್ಸ್ ನೆಲೆಗೊಳ್ಳಲಿಲ್ಲ. 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಸರದಿಗೆ ಅವರನ್ನು ಡಲ್ಲಾಸ್‌ಗೆ ಕಳಿಸಲಾಯಿತು. ಇಷ್ಟಾದರೂ ತಂಡ ಕುಸಿಯದಿದ್ದುದಕ್ಕೆ ಕಾರಣಗಳೆರಡು. ಕೊಟ್ಟ ಎರಡೂ ಸರದಿಗಳು 29ನೇ ಸ್ಥಾನದವಾಗಿ, ತಲಾ 640 ಅಂಕದಲ್ಲಿ ಮುಗಿದವು. ಜೊತೆಗೆ 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಸರದಿಯಲ್ಲಿ ಆರಿಸಿದ್ದ ಬ್ರಾಕ್ ಪರ್ಡಿ ಕ್ವಾರ್ಟರ್‌ಬ್ಯಾಕ್ ಜಾಗ ತುಂಬಿದರು. ಮೂರನೇ ಸರದಿಗೆ ಅಷ್ಟೆಲ್ಲ ತೆತ್ತವರಿಗೆ 262ನೆಯದರಲ್ಲಿ ಬೇಕಾದವನು ಸಿಕ್ಕಿದ್ದನ್ನು ನೋಡಿದಾಗ, ಹೆಚ್ಚು ಸರದಿಗಳನ್ನು ಕೈಯಲ್ಲಿಟ್ಟುಕೊಳ್ಳಿ ಎಂಬ ಥೇಲರ್ ಅವರ ವಾದಕ್ಕೆ ಮತ್ತೆ ತಲೆದೂಗಬೇಕಾಗುತ್ತದೆ.

ಕಡಿಮೆ ಖರ್ಚಿನಲ್ಲಿ ಏರುವ ಜಾಣ ದಾರಿಯೂ ಒಂದಿದೆ. ಮೊದಲ ಸುತ್ತಿನಲ್ಲಿ ಆರಿಸಿದವರ ಒಪ್ಪಂದವನ್ನು ಐದನೇ ವರ್ಷಕ್ಕೆ ವಿಸ್ತರಿಸುವ ಹಕ್ಕು ತಂಡಕ್ಕಿರುತ್ತದೆ, ಎರಡನೇ ಸುತ್ತಿನವರಿಗೆ ಅದಿಲ್ಲ. ಆದ್ದರಿಂದ 32ನೇ ಸರದಿಗೆ ಅಂಕಗಳಲ್ಲಿ ಕಾಣದ ಒಂದು ಬೆಲೆಯಿದೆ. ಬಾಲ್ಟಿಮೋರ್ ರೇವನ್ಸ್ 2018ರಲ್ಲಿ 52ರಿಂದ 32ಕ್ಕೆ ಏರಿ ಲಮಾರ್ ಜಾಕ್ಸನ್‌ನನ್ನು ಕೊಂಡದ್ದು ಹೀಗೆ. ಮುಂದಿನ ವರ್ಷದ ಎರಡನೇ ಸುತ್ತಿನ ಸರದಿಯೇ ಅದಕ್ಕೆ ಕೊಟ್ಟ ದೊಡ್ಡ ಬೆಲೆ.

ಪ್ರಶ್ನೆ: ಟಿವಿಯಲ್ಲಿ ನೋಡುವಾಗ ಗಡಿಯಾರ ಓಡುತ್ತಿರುತ್ತದೆ, ಕೊನೆಯ ನಿಮಿಷದಲ್ಲಿ ಸರದಿ ಕೈಬದಲಾಗುತ್ತದೆ. ಇಷ್ಟು ಅವಸರದಲ್ಲಿ ಎಂದಾದರೂ ವ್ಯಾಪಾರ ಕೆಟ್ಟದ್ದುಂಟೆ?

ಉತ್ತರ: ಉಂಟು. ವಿನಿಮಯಕ್ಕೆ ಒಪ್ಪಿದ ಎರಡೂ ತಂಡಗಳು ಪ್ರತ್ಯೇಕವಾಗಿ ಲೀಗ್‌ನ ಅಧಿಕಾರಿಗಳಿಗೆ ತಿಳಿಸಬೇಕು, ಅದೂ ಸಮಯ ಮುಗಿಯುವುದರೊಳಗೆ. 2003ರಲ್ಲಿ ಏಳನೇ ಸರದಿ ಮಿನೆಸೋಟದ್ದಾಗಿತ್ತು. ಆಗ ಮೊದಲ ಸುತ್ತಿನಲ್ಲಿ 15 ನಿಮಿಷ ಅವಕಾಶ. ಕ್ವಾರ್ಟರ್‌ಬ್ಯಾಕ್ ಬೈರನ್ ಲೆಫ್ಟ್‌ವಿಚ್ ಮೇಲೆ ಕಣ್ಣಿಟ್ಟಿದ್ದ ಬಾಲ್ಟಿಮೋರ್ ಹತ್ತನೇ ಸ್ಥಾನದಿಂದ ಏಳಕ್ಕೆ ಏರಲು ಮಾತಾಡಿತ್ತು. ಮಿನೆಸೋಟದವರು ಒಪ್ಪಂದ ಮುಗಿಯಿತೆಂದು ಲೀಗ್‌ಗೆ ತಿಳಿಸಿ ಕುಳಿತರು. ಬಾಲ್ಟಿಮೋರ್‌ನಿಂದ ಬರಬೇಕಿದ್ದ ಖಚಿತ ಮಾತು ಸಮಯದೊಳಗೆ ಬರಲೇ ಇಲ್ಲ. ಗಡಿಯಾರ ಸೊನ್ನೆಗೆ ಬಂತು. ಸಮಯ ಮೀರಿದರೆ ಸರದಿ ರದ್ದಾಗುವುದಿಲ್ಲ, ಆದರೆ ಹಿಂದಿನವರು ಮುಂದೆ ನುಗ್ಗಬಹುದು. ಜಾಕ್ಸನ್‌ವಿಲ್ ಕೂಡಲೇ ತನ್ನ ಆಯ್ಕೆಯ ಹೆಸರು ಬರೆದು ಕೊಟ್ಟು ಲೆಫ್ಟ್‌ವಿಚ್‌ನನ್ನೇ ಎತ್ತಿಕೊಂಡಿತು, ಅದರ ಬೆನ್ನಿಗೆ ಕ್ಯಾರೊಲೈನಾವೂ ನುಗ್ಗಿತು. ಒಂಬತ್ತನೆಯದಾಗಿ ಆರಿಸಿದ ಮಿನೆಸೋಟಕ್ಕೆ ಕೆವಿನ್ ವಿಲಿಯಮ್ಸ್ ಸಿಕ್ಕಿದರು. ಅವರು ಐದು ಬಾರಿ ಆಲ್-ಪ್ರೊ, ಅಂದರೆ ಆಯಾ ಋತುವಿನ ಶ್ರೇಷ್ಠ ಆಟಗಾರರ, ಮೊದಲ ತಂಡದಲ್ಲಿ ಸ್ಥಾನ ಪಡೆದರು. ಲೆಫ್ಟ್‌ವಿಚ್ ಕೈತಪ್ಪಿದ ಬಾಲ್ಟಿಮೋರ್‌ಗೆ ಹತ್ತನೇ ಸರದಿಯಲ್ಲಿ ಟೆರಲ್ ಸಗ್ಸ್ ಎಂಬ ರತ್ನವೇ ದೊರೆಯಿತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು. ಕ್ವಾರ್ಟರ್‌ಬ್ಯಾಕ್ ಬೇಕೇ ಬೇಕೆಂದು ಅದೇ ದಿನ 19ನೇ ಸರದಿಯನ್ನು ಕೊಂಡು ಕೈಲ್ ಬೋಲರ್‌ನನ್ನು ಆರಿಸಿತು. ಬೋಲರ್ ಆ ಜಾಗದಲ್ಲಿ ನಿಲ್ಲಲಿಲ್ಲ. ಅದಕ್ಕಾಗಿ ನ್ಯೂ ಇಂಗ್ಲೆಂಡ್‌ಗೆ ಕೊಟ್ಟದ್ದರಲ್ಲಿ 2004ರ ಮೊದಲ ಸುತ್ತಿನ ಸರದಿಯೂ ಇತ್ತು. ನ್ಯೂ ಇಂಗ್ಲೆಂಡ್ ಅದರಲ್ಲಿ ವಿನ್ಸ್ ವಿಲ್‌ಫೋರ್ಕ್‌ನನ್ನು ಆರಿಸಿ, ಹನ್ನೊಂದು ಋತು ತನ್ನ ರಕ್ಷಣಾ ಪಂಕ್ತಿಯ ನಡುವೆ ನಿಲ್ಲಿಸಿಕೊಂಡಿತು.