ಮಗುವಿನೊಂದಿಗೆ ಗಡಿ ದಾಟುವ ಮುನ್ನ

ಪ್ರಶ್ನೆ: ವಿಚ್ಛೇದನದ ನಂತರ ಎಂಟು ವರ್ಷದ ಮಗಳು ನನ್ನ ಸುಪರ್ದಿಯಲ್ಲಿದ್ದಾಳೆ. ತಂದೆಗೆ ಭೇಟಿಯ ಹಕ್ಕಿದೆ. ರಜೆಯಲ್ಲಿ ಹೊರದೇಶಕ್ಕೆ ಕರೆದುಕೊಂಡು ಹೋಗಲು ಅವರ ಒಪ್ಪಿಗೆ ಬೇಕೇ?

ಉತ್ತರ: ಸುಪರ್ದಿ ಬೇರೆ, ಹೊರದೇಶಕ್ಕೆ ಕರೆದೊಯ್ಯುವ ಅನುಮತಿ ಬೇರೆ. ಮೊದಲು ಕೋರ್ಟ್ ಆದೇಶವನ್ನು ಕೊನೆಯ ಪುಟದವರೆಗೂ ಓದಿ. ‘ನ್ಯಾಯಾಲಯದ ಅನುಮತಿಯಿಲ್ಲದೆ ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯಕೂಡದು’ ಎಂಬ ಷರತ್ತಿದ್ದರೆ ತಂದೆ ಒಪ್ಪಿದರೂ ಸಾಲದು, ಅರ್ಜಿ ಹಾಕಲೇಬೇಕು. ಅಂಥ ಷರತ್ತು ಇಲ್ಲದಿದ್ದರೆ ನೀವು ವಾಸವಿರುವ ದೇಶದ ಕಾನೂನೇ ಆಧಾರ. ಇಂಗ್ಲೆಂಡಿನಲ್ಲಿ, ಮಗು ಯಾರೊಂದಿಗೆ ವಾಸಿಸಬೇಕೆಂದು ಆದೇಶವಾಗಿದೆಯೋ ಅವರು ಒಂದು ತಿಂಗಳಿಗಿಂತ ಕಡಿಮೆ ಅವಧಿಯ ಪ್ರವಾಸಕ್ಕೆ ಇನ್ನೊಬ್ಬರ ಒಪ್ಪಿಗೆ ಕೇಳಬೇಕಿಲ್ಲ. ಈ ಸವಲತ್ತು ಎಲ್ಲ ಕಡೆಯೂ ಇದೆ ಎಂದುಕೊಳ್ಳಬೇಡಿ.

ಕಾನೂನು ಕೇಳದಿದ್ದರೂ ಒಪ್ಪಿಗೆ ಪತ್ರ ಕೈಯಲ್ಲಿರುವುದೇ ಲೇಸು. ವಿಮಾನ ನಿಲ್ದಾಣದ ಅಧಿಕಾರಿ ಮಗುವಿನ ಮತ್ತು ನಿಮ್ಮ ಕೊನೆಯ ಹೆಸರು ಬೇರೆಬೇರೆ ಇರುವುದನ್ನು ಕಂಡರೆ ಮೊದಲು ಕೇಳುವುದು ಅದನ್ನೇ. ಪತ್ರದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ಜೊತೆಗೆ ಹೋಗುವವರ ವಿವರ, ದಾರಿಯಲ್ಲಿ ವಿಮಾನ ಬದಲಿಸುವ ದೇಶವೂ ಸೇರಿ ಹೋಗುವ ದೇಶಗಳು, ಉಳಿಯುವ ವಿಳಾಸ, ಹೊರಡುವ ಮತ್ತು ಮರಳುವ ದಿನಾಂಕ, ಒಪ್ಪಿಗೆ ಕೊಡುವವರ ಫೋನ್ ಸಂಖ್ಯೆ ಇರಲಿ. ಸಹಿ ನೋಟರಿಯ ಎದುರಿಗೇ ಆಗಬೇಕು. ಸಹಿ ಹಾಕಿದವರ ಗುರುತಿನ ಚೀಟಿಯ ನಕಲು, ತಂದೆತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ, ಆದೇಶದ ದೃಢೀಕೃತ ಪ್ರತಿ ಜೊತೆಗಿರಲಿ. ಹೋಗುವ ದೇಶದ ಭಾಷೆ ಬೇರೆಯಾದರೆ ಅನುವಾದವೂ ಬೇಕಾಗಬಹುದು.

ಎಡವಟ್ಟಾಗುವುದು ಸಣ್ಣಪುಟ್ಟ ವಿಷಯಗಳಲ್ಲೇ. ಪತ್ರ ಬರೆಸಿದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದರೆ ಸಂಖ್ಯೆ ಬದಲಾಗಿ ಪತ್ರ ತಾಳೆಯಾಗುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಮರಳುವ ದಿನಾಂಕ ಬರೆಯದಿರುವುದು. ಆ ದಿನಾಂಕ ಇಬ್ಬರಿಗೂ ರಕ್ಷಣೆ. ಬೇರೆ ದೇಶಕ್ಕೆ ಅಕ್ರಮವಾಗಿ ಒಯ್ದ ಮಕ್ಕಳನ್ನು ವಾಪಸ್ ಕಳಿಸುವ ಬಗ್ಗೆ ದೇಶಗಳು ಮಾಡಿಕೊಂಡ 1980ರ ಹೇಗ್ ಒಪ್ಪಂದದಲ್ಲಿ ಮಗುವನ್ನು ಅಕ್ರಮವಾಗಿ ಕರೆದೊಯ್ಯುವುದಷ್ಟೇ ಅಲ್ಲ, ಒಪ್ಪಿದ ಅವಧಿ ಮುಗಿದ ಮೇಲೂ ಹಿಂದಕ್ಕೆ ಕಳಿಸದೆ ಇಟ್ಟುಕೊಳ್ಳುವುದೂ ಸೇರುತ್ತದೆ. ಇದು ಅನ್ವಯಿಸುವುದು 16 ವರ್ಷದೊಳಗಿನ ಮಕ್ಕಳಿಗೆ. ಒಂದು ವರ್ಷದೊಳಗೆ ಪ್ರಕರಣ ಹೂಡಿದರೆ, ಮಗುವಿಗೆ ಗಂಭೀರ ಅಪಾಯವಿದೆ ಎಂಬಂಥ ಕೆಲವೇ ಕಾರಣಗಳನ್ನು ಬಿಟ್ಟು, ಮಗುವನ್ನು ವಾಪಸ್ ಕಳಿಸಬೇಕಾಗುತ್ತದೆ. ಸುಪರ್ದಿ ಯಾರಿಗೆಂಬುದನ್ನು ಅಲ್ಲಿ ತೀರ್ಮಾನಿಸುವುದಿಲ್ಲ. ಭಾರತ ಈ ಒಪ್ಪಂದಕ್ಕೆ ಸೇರಿಲ್ಲ. ಹಾಗಾಗಿ ಮಗು ಇಲ್ಲಿಗೆ ಬಂದು ಉಳಿದುಬಿಡಬಹುದೆಂಬ ಆತಂಕ ಇನ್ನೊಬ್ಬರಿಗಿದ್ದರೆ ಅದನ್ನು ತಳ್ಳಿಹಾಕಬೇಡಿ.

ಪ್ರಶ್ನೆ: ಮಾಜಿ ಪತ್ನಿ ಸಹಿ ಹಾಕಲು ಒಪ್ಪುತ್ತಿಲ್ಲ. ಟಿಕೆಟ್ ಬುಕ್ ಆಗಿದೆ.

ಉತ್ತರ: ಟಿಕೆಟ್ ಆಗಿದೆ ಎಂಬುದು ಕೋರ್ಟಿನ ಮುಂದೆ ವಾದವಾಗುವುದಿಲ್ಲ, ಅನುಮತಿ ಕೇಳುವ ಮುನ್ನವೇ ನಿರ್ಧರಿಸಿದ್ದೀರಿ ಎಂದು ನಿಮ್ಮ ವಿರುದ್ಧವೇ ತಿರುಗಬಹುದು. ಹೇಳದೆ ಹೊರಟುಬಿಡುವ ಯೋಚನೆಯಂತೂ ಬೇಡ. ಹಲವು ದೇಶಗಳಲ್ಲಿ ಅದು ಅಪರಾಧ. ಇಡೀ ಪ್ರವಾಸದ ವಿವರ ಬರೆದು ಕಳಿಸಿ, ಲಿಖಿತ ಉತ್ತರ ಕೇಳಿ. ಆಕೆ ಒಪ್ಪದಿದ್ದರೆ ಕೂಡಲೇ ಅರ್ಜಿ ಹಾಕಿ. ಅರ್ಜಿಯೊಂದಿಗೆ ಮರಳುವ ಟಿಕೆಟ್, ಶಾಲೆ ಶುರುವಾಗುವ ದಿನ, ಪ್ರವಾಸದಲ್ಲಿ ಮಗು ತಾಯಿಯೊಂದಿಗೆ ವಿಡಿಯೋ ಕರೆಯಲ್ಲಿ ಮಾತನಾಡುವ ವೇಳಾಪಟ್ಟಿ, ವಾಪಸ್ ಕರೆತರುವ ಲಿಖಿತ ಮುಚ್ಚಳಿಕೆ ಇರಲಿ. ಆಕೆಯ ಭಯ ದೊಡ್ಡದಿದ್ದರೆ ಭದ್ರತಾ ಠೇವಣಿ ಇಡುತ್ತೇನೆಂದು, ಇಲ್ಲವೇ ಹೋಗುವ ದೇಶದ ಕೋರ್ಟಿನಿಂದಲೂ ಇವೇ ಷರತ್ತುಗಳ ಆದೇಶ ಪಡೆಯುತ್ತೇನೆಂದು ನೀವೇ ಮುಂದಾಗಿ ಹೇಳಿ.

ಪ್ರಶ್ನೆ: ಮೊಮ್ಮಗನನ್ನು ನಾವು ಅಜ್ಜ ಅಜ್ಜಿಯೇ ಕರೆದೊಯ್ಯಬಹುದೇ?

ಉತ್ತರ: ಕರೆದೊಯ್ಯಬಹುದು. ಆದರೆ ಪತ್ರಕ್ಕೆ ತಂದೆತಾಯಿ ಇಬ್ಬರ ಸಹಿಯೂ ಬೇಕು. ಒಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ಪ್ರತಿ ಇಟ್ಟುಕೊಳ್ಳಿ. ಕೆಲವು ದೇಶಗಳು ತಮ್ಮದೇ ನಮೂನೆ ಕೇಳುತ್ತವೆ. ಫ್ರಾನ್ಸಿನಲ್ಲಿ ವಾಸಿಸುವ ಮಗು ತಂದೆ ಅಥವಾ ತಾಯಿ ಜೊತೆಗಿಲ್ಲದೆ ದೇಶ ಬಿಡುವಾಗ 2017ರಿಂದ ಸಹಿಯಾದ ಸರ್ಕಾರಿ ನಮೂನೆಯನ್ನು ತೋರಿಸಬೇಕು. ತುರ್ತು ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರವನ್ನು ನಿಮಗೆ ವಹಿಸುವ ಇನ್ನೊಂದು ಪತ್ರವನ್ನೂ ಬರೆಸಿಕೊಳ್ಳಿ. ಅದರಲ್ಲಿ ಮಗುವಿನ ಅಲರ್ಜಿ ಮತ್ತು ತೆಗೆದುಕೊಳ್ಳುತ್ತಿರುವ ಔಷಧಿಗಳ ಹೆಸರಿರಲಿ.