ಮೊದಲ ದಿನ ರಾಡ್ ಮನೆಯಲ್ಲೇ ಇರಲಿ

ಗುರುತಿಲ್ಲದ ಬೀಚು, ಮೇಲೆ ಕೂತು ಹುಟ್ಟು ಹಾಕುವ ಪುಟ್ಟ ದೋಣಿ, ಅಂದರೆ ಕಯಾಕ್, ಮೀನು ಹಿಡಿಯುವ ಎರಡು ರಾಡ್. ಅಲೆ ದಾಟಿ ಆಚೆ ಹೋಗುವುದು ಹೇಗೆ ಅಂತ ಕೇಳಿದ್ದೀರಿ. ಓದುತ್ತಾ ಓದುತ್ತಾ ನನಗೇ ಗೊತ್ತಿಲ್ಲದೆ ಬಲಗೈ ಹೆಬ್ಬೆರಳಿನ ಕಲೆ ಸವರಿಕೊಂಡೆ. ನಾನೂ ಇದೇ ಪ್ರಶ್ನೆ ಹೊತ್ತುಕೊಂಡು ಹೋದವನು.

ಬೆಳಗಾಗುವ ಹೊತ್ತಿಗೆ ಬೀಚಿನಲ್ಲಿದ್ದೆ. ಪೂರ್ತಿ ಉಬ್ಬರ. ಸುಮಾರು ಒಂದು ಮೀಟರ್ ಎತ್ತರದ ಅಲೆ, ದಡದಲ್ಲಿ ಒಂದೇ ಸಲ ಒಡೆದು ಸುಮ್ಮನಾಗುತ್ತಿತ್ತು. ಅದರಾಚೆ ನೊರೆಯೇ ಇಲ್ಲ. ಐದು ನಿಮಿಷ ನೋಡಿದೆ. ಇಷ್ಟೇನಾ ಅನ್ನಿಸಿತು. ಎರಡು ಅಲೆಗಳ ನಡುವೆ ಕಯಾಕ್ ತಳ್ಳಿ ಹತ್ತಿ ಕೂತೆ. ಇಪ್ಪತ್ತು ಸಲ ಪ್ಯಾಡಲ್ ಹಾಕುವಷ್ಟರಲ್ಲಿ ಆಚೆ ಇದ್ದೆ. ಮೀನೂ ಚೆನ್ನಾಗಿ ಕಚ್ಚಿತು, ಎಡವಟ್ಟಾಗಿದ್ದೇ ಅಲ್ಲಿ. ಇನ್ನೊಂದು, ಇನ್ನೊಂದು ಅಂತ ಐದು ಗಂಟೆ ಕಳೆದುಬಿಟ್ಟೆ.

ವಾಪಸ್ ಬರುವಾಗ, ದಡಕ್ಕೆ ಇನ್ನೂ ನೂರು ಮೀಟರ್ ಇರುವಂತೆಯೇ ಧಡ್ ಅಂತ ಸದ್ದು. ಕಡಲ ಕಡೆಯಿಂದ ನೋಡಿದರೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ನುಣ್ಣಗೆ, ನೀರಲ್ಲಿ ಮಲಗಿದ ಎಮ್ಮೆಯ ಬೆನ್ನಿನ ಹಾಗೆ. ಆಚೆ ಬದಿಯಲ್ಲಿ ಅದು ಎಷ್ಟು ಎತ್ತರದಿಂದ ಬೀಳುತ್ತಿದೆ ಅಂತ ಗೊತ್ತಾಗುವುದಿಲ್ಲ. ಮೇಲೆ ಸಿಡಿಯುವ ಹನಿ ನೋಡಿಯೂ ನನಗೆ ಬುದ್ಧಿ ಬರಲಿಲ್ಲ, ಮುಂದೆ ಹೋದೆ. ಹಿಂದಿನಿಂದ ಬಂದ ಅಲೆ ಕಯಾಕಿನ ಬಾಲ ಎತ್ತಿತು. ಮೂತಿ ನೀರಿಗೆ ಚುಚ್ಚಿ ಕಯಾಕ್ ಅಡ್ಡ ತಿರುಗಿತು. ಅಲೆಯ ಕಡೆಗೆ ವಾಲಬೇಕಿತ್ತು, ಹೆದರಿ ದಡದ ಕಡೆ ವಾಲಿದೆ. ಮಗುಚಿತು. ಸೀಟಿನ ಹಿಂದೆ ನೆಟ್ಟಗೆ ನಿಲ್ಲಿಸಿದ್ದ ಎರಡೂ ರಾಡ್ ತಲೆಕೆಳಗಾಗಿ ಮರಳಿಗೆ ಚುಚ್ಚಿ ಮುರಿದವು. ಒಂದರ ಕೊಕ್ಕೆ ಹೆಬ್ಬೆರಳಿಗೆ ಇಳಿಯಿತು. ಅದರ ದಾರದ ಇನ್ನೊಂದು ತುದಿ ಕಯಾಕಿನಲ್ಲಿ. ಪ್ರತಿ ಅಲೆಗೂ ಕಯಾಕ್ ನನ್ನನ್ನು ಹೆಬ್ಬೆರಳು ಹಿಡಿದು ಎಳೆಯುತ್ತಿತ್ತು. ಹಿಡಿದ ಮೀನೆಲ್ಲಾ ನೀರುಪಾಲು. ಲೈಫ್ ಜಾಕೆಟ್ ಹಾಕಿದ್ದೆ, ಅದೊಂದು ಪುಣ್ಯ.

ಈಗ ತಪ್ಪಿನ ವಿಷಯ. ಯಾರಾದರೂ ಕೇಳಿದರೆ "ಅಲೆ ದೊಡ್ಡದಾಯ್ತು" ಅಂತ ಎಷ್ಟೋ ದಿನ ಹೇಳಿಕೊಂಡು ತಿರುಗಿದೆ. ಸುಳ್ಳು. ಅಲೆ ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇತ್ತು. ನೀರು ಇಳಿದಿತ್ತು. ಇಂಥ ಬೀಚುಗಳಲ್ಲಿ ದಡದಿಂದ ಸ್ವಲ್ಪ ಆಚೆ, ನೀರೊಳಗೆ ಉದ್ದಕ್ಕೆ ಮರಳಿನ ದಿಬ್ಬ ಇರುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಉಬ್ಬರದಲ್ಲಿ ದಿಬ್ಬದ ಮೇಲೆ ಎರಡು ಮೀಟರ್ ನೀರಿತ್ತು ಅಂದುಕೊಳ್ಳಿ. ಒಂದು ಮೀಟರಿನ ಅಲೆ ತಣ್ಣಗೆ ದಾಟಿ ಹೋಗುತ್ತದೆ, ದಿಬ್ಬ ಇದೆ ಅಂತಲೇ ಗೊತ್ತಾಗುವುದಿಲ್ಲ. ಅಲ್ಲೇ ನೀರು ಒಂದು ಮೀಟರಿಗೆ ಇಳಿಯಲಿ, ಅದೇ ಅಲೆ ದಿಬ್ಬದ ಮೇಲೆ ಎದ್ದು ಬೀಳುತ್ತದೆ. ಸಾಮಾನ್ಯವಾಗಿ ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಇಳಿಯುವುದೂ ಒಂದೇ ಸಮನೆ ಅಲ್ಲ. ಮೂರನೇ, ನಾಲ್ಕನೇ ಗಂಟೆಯಲ್ಲೇ ಹತ್ತಿರ ಹತ್ತಿರ ಅರ್ಧ ನೀರು ಇಳಿದುಬಿಡುತ್ತದೆ. ನಾನು ಬಂದಿದ್ದು ಐದು ಗಂಟೆ ಕಳೆದ ಮೇಲೆ! ಬೆಳಿಗ್ಗೆ ಹೊರಟ ಬೀಚು ಆಗ ಅಲ್ಲಿರಲೇ ಇಲ್ಲ. ಉಬ್ಬರ-ಇಳಿತದ ಪಟ್ಟಿ ನನ್ನ ಫೋನಿನಲ್ಲೇ ಇತ್ತು. ಮೀನು ಯಾವಾಗ ಕಚ್ಚಬಹುದು ಅಂತ ನೋಡಲು ಮಾತ್ರ ಅದನ್ನು ತೆರೆದಿದ್ದೆ.

ಅದಕ್ಕೇ ನಿಮ್ಮ ಪ್ರಶ್ನೆ ನನಗೆ ಹಿಡಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆಚೆ ಹೋಗುವುದನ್ನು ಬಿಡಿ. ಎಷ್ಟು ಗಂಟೆಗೆ, ಎಲ್ಲಿಂದ ಒಳಗೆ ಬರುತ್ತೀರಿ ಅಂತ ಮೊದಲು ಗೊತ್ತು ಮಾಡಿಕೊಳ್ಳಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಕಯಾಕ್ ಇಲ್ಲದೆ ಒಂದು ಸಲ ಇಳಿತದ ಹೊತ್ತಿಗೆ ಹೋಗಿ ಎತ್ತರದ ಜಾಗದಲ್ಲಿ ಕೂರಿ. ದಿಬ್ಬ ಎಲ್ಲಿದೆ, ಎಲ್ಲಿ ಕಡಿದಿದೆ, ಎಲ್ಲಾ ಕಾಣುತ್ತದೆ. ಐದು ನಿಮಿಷ ಸಾಲದು, ಕಡಿಮೆ ಅಂದರೂ ಅರ್ಧ ಗಂಟೆ. ದೊಡ್ಡ ಅಲೆಗಳು ಗುಂಪಾಗಿ ಬಂದು ಹೋಗುತ್ತವೆ, ನಡುವೆ ಬಿಡುವು ಇರುತ್ತದೆ. ಆ ಬಿಡುವನ್ನೇ ನೋಡಿ ಸಮುದ್ರ ಸಾಧು ಅಂದುಕೊಳ್ಳುತ್ತೇವೆ. ಅಲೆ ಒಡೆಯದ, ಸ್ವಲ್ಪ ಕಪ್ಪಗೆ ಕಾಣುವ ಜಾಗ ಸಿಕ್ಕರೆ ಖುಷಿಪಡಬೇಡಿ, ನೀರು ಕಡಲಿಗೆ ವಾಪಸ್ ಹರಿಯುವ ಸೆಳೆತ ಇರುವುದು ಹೆಚ್ಚಾಗಿ ಅಲ್ಲೇ. ಹೊರಗೆ ಹೋಗಲು ಪಳಗಿದವರು ಅದನ್ನೇ ಹಿಡಿಯುತ್ತಾರೆ. ಬರುವಾಗ ಅದಕ್ಕೆ ಎದುರಾಗಿ ಪ್ಯಾಡಲ್ ಹಾಕಿದರೆ ಕೈ ಸೋಲುತ್ತದೆ, ಕಯಾಕ್ ಮಾತ್ರ ಇದ್ದಲ್ಲೇ ಇರುತ್ತದೆ. ದಡದಿಂದ ಕಡಲಿಗೆ ಬೀಸುವ ಗಾಳಿಯೂ ಅಷ್ಟೇ. ಅಲೆಯನ್ನು ಚಂದ ಕಾಣಿಸುತ್ತದೆ, ನಿಮ್ಮನ್ನು ದೂರ ತಳ್ಳುತ್ತದೆ.

ಮೊದಲ ದಿನ ರಾಡ್ ತರಲೇಬೇಡಿ. ಖಾಲಿ ಕಯಾಕಿನಲ್ಲಿ ಹೋಗಿ ಬನ್ನಿ, ಬೇಕಂತಲೇ ಮಗುಚಿ, ಮತ್ತೆ ಹತ್ತಿ. ಬರುವಾಗ ಒಡೆಯುವ ಅಲೆಯ ಮುಂದೆ ಇರಬೇಡಿ, ಅದರ ಬೆನ್ನು ಹಿಡಿದು ಬನ್ನಿ. ಇಳಿಯುವುದು ಯಾವಾಗಲೂ ಕಡಲ ಬದಿಗೆ. ಕಯಾಕಿಗೂ ದಡಕ್ಕೂ ನಡುವೆ ನಿಂತರೆ ಮುಂದಿನ ಅಲೆ ಅದನ್ನು ನಿಮ್ಮ ಮೊಣಕಾಲಿಗೇ ತಂದು ಬಡಿಯುತ್ತದೆ. ಎರಡನೇ ಸಲ ರಾಡ್ ತಂದರೆ ಅಲೆ ದಾಟುವಾಗ ಕೊಕ್ಕೆ ಬಿಚ್ಚಿ, ರಾಡ್ ಮಡಚಿ ಕಯಾಕಿನ ಒಳಗೆ ಹಾಕಿ ಮುಚ್ಚಿ. ಸುಮ್ನೆ ಕಟ್ಟಿದರೆ ಸಾಲದು.

ಗಾಯ ಒಣಗಿದ ಮೇಲೆ ಒಂದು ದಿನ ಇಳಿತದ ಹೊತ್ತಿಗೆ ಅಲ್ಲಿಗೆ ಹೋದೆ. ಅವತ್ತು ಅಲೆಯೇ ಇರಲಿಲ್ಲ. ನಾನು ಮಗುಚಿದ ಜಾಗದವರೆಗೆ ನಡೆದುಕೊಂಡೇ ಹೋದೆ. ದಿಬ್ಬದ ಮೇಲೆ ನೀರು ತೊಡೆಯವರೆಗೂ ಬರಲಿಲ್ಲ.