ಪೆಟ್ಟಿಗೆಯ ಮೇಲಿನ ತಾರೀಖು

ನಮಸ್ಕಾರ.

ನಿಮ್ಮ ‘ಆಪತ್ಕಾಲದ ಕಣಜ’ ಲೇಖನ ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅಚ್ಚಿಗೆ ಹಾಕಲಾರೆ. ಬೇಜಾರು ಮಾಡಿಕೊಳ್ಳಬೇಡಿ, ವಾಪಸ್ ಕಳಿಸುವ ಎಲ್ಲರಿಗೂ ನಾನು ಇಷ್ಟುದ್ದ ಪತ್ರ ಬರೆಯುವುದಿಲ್ಲ.

ಅಮೆರಿಕ ಸರ್ಕಾರ ಔಷಧ, ಲಸಿಕೆ, ಮಾಸ್ಕು, ವೆಂಟಿಲೇಟರುಗಳನ್ನು ಗೋದಾಮುಗಳಲ್ಲಿ ಕೂಡಿಡುವ ಬಗ್ಗೆ ಹದಿನೆಂಟು ಪುಟ ಬರೆದಿದ್ದೀರಿ. ಅದರಲ್ಲಿ ಹನ್ನೊಂದು ಪುಟ ಬರೀ ಏನೇನಿದೆ ಎಂಬ ಪಟ್ಟಿ. ಮದುವೆ ಮನೆಯ ಉಗ್ರಾಣದ ಚೀಟಿ ಓದಿದ ಹಾಗಾಯಿತು. ಆ ಸಾಮಾನು ಪಂಕ್ತಿಗೆ ಹೊತ್ತಿಗೆ ಸರಿಯಾಗಿ ಬಂತೋ, ಬಂದಾಗ ಹಳಸಿತ್ತೋ, ಅದನ್ನು ಮಾತ್ರ ನೀವು ಹೇಳುವುದೇ ಇಲ್ಲ.

ಮೊದಲು ಒಂದು ತಪ್ಪು. ಈ ದಾಸ್ತಾನು 2003ರಲ್ಲಿ ಹುಟ್ಟಿತು ಎಂದಿದ್ದೀರಿ. ಹುಟ್ಟಿದ್ದು 1999ರಲ್ಲಿ, ನ್ಯಾಷನಲ್ ಫಾರ್ಮಸ್ಯೂಟಿಕಲ್ ಸ್ಟಾಕ್‌ಪೈಲ್ ಎಂಬ ಹೆಸರಲ್ಲಿ. 2003ರಲ್ಲಿ ಆದದ್ದು ಸ್ಟ್ರಾಟೆಜಿಕ್ ನ್ಯಾಷನಲ್ ಸ್ಟಾಕ್‌ಪೈಲ್ ಎಂಬ ಹೊಸ ಹೆಸರಿನ ನಾಮಕರಣ. ಸಣ್ಣ ತಪ್ಪು ಅನ್ನಬೇಡಿ. ಇದರಿಂದಾಗಿ 2001ರ ಸೆಪ್ಟೆಂಬರ್ 11 ನಿಮ್ಮ ಲೇಖನಕ್ಕೆ ಬರದೇ ಹೋಗಿದೆ. ದೇಶದ ನಾಗರಿಕ ವಿಮಾನಗಳೆಲ್ಲ ನೆಲ ಹಿಡಿದು ಕೂತಿದ್ದ ಆ ದಿನ, ಮೊದಲೇ ಕಟ್ಟಿಟ್ಟ ಔಷಧ, ಸಾಮಗ್ರಿಗಳ 50 ಟನ್ನಿನ ಗಂಟು, ‘ಪುಶ್ ಪ್ಯಾಕೇಜ್’ ಒಂದು 7 ಗಂಟೆಯೊಳಗೆ ನ್ಯೂಯಾರ್ಕ್ ಮುಟ್ಟಿತು. ಅವರೇ ಹಾಕಿಕೊಂಡಿದ್ದ ಗಡುವು 12 ಗಂಟೆ. ನಿಮ್ಮ ಇಡೀ ಪಟ್ಟಿಗಿಂತ ಈ ಒಂದು ಸಂಗತಿಗೆ ಹೆಚ್ಚು ತೂಕವಿದೆ.

ಎಂಟನೇ ಪುಟದಲ್ಲಿ ಹೀಗೊಂದು ವಾಕ್ಯ: ‘ಸದರಿ ದಾಸ್ತಾನಿನ ಸಮರ್ಪಕ ನಿರ್ವಹಣೆಯಲ್ಲಿನ ನ್ಯೂನತೆಗಳಿಂದಾಗಿ ಮುಖಗವಸುಗಳ ಲಭ್ಯತೆಯಲ್ಲಿ ವ್ಯತ್ಯಯ ಉಂಟಾಯಿತು.’ ಮಾಸ್ಕ್ ಇರಲಿಲ್ಲ ಅನ್ನುತ್ತಿದ್ದೀರಿ, ಅಲ್ಲವೇ? ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೀಗೇ ಹೇಳುತ್ತೀರಾ? ವಿಷಯ ಇಷ್ಟೇ. 2009ರ ಎಚ್1ಎನ್1 ಕಾಲದಲ್ಲಿ ಸುಮಾರು 8.5 ಕೋಟಿ ಎನ್95 ಮಾಸ್ಕುಗಳು ಗೋದಾಮಿನಿಂದ ಹೊರಬಿದ್ದವು. ಖಾಲಿಯಾದ ಜಾಗವನ್ನು ತುಂಬಿಸಲಿಲ್ಲ. 2020ರ ಮಾರ್ಚಿನಲ್ಲಿ ಎಣಿಸಿದರೆ ಇದ್ದದ್ದು ಸುಮಾರು 1.2 ಕೋಟಿ. ದೊಡ್ಡ ಪಿಡುಗೊಂದಕ್ಕೆ ವರ್ಷಕ್ಕೆ ಬೇಕು ಎಂದು ಅಧಿಕಾರಿಗಳೇ ಕೊಟ್ಟ ಲೆಕ್ಕ 350 ಕೋಟಿ! ಇನ್ನು, ಈ ದಾಸ್ತಾನಿನಿಂದ ಅಲಬಾಮಾ ರಾಜ್ಯದ ಮಾಂಟ್ಗಮರಿ ಕೌಂಟಿಗೆ ತಲುಪಿದ ಸುಮಾರು 6 ಸಾವಿರ ಮಾಸ್ಕುಗಳು ಲಡ್ಡು ಹಿಡಿದು ಹಾಳಾಗಿದ್ದವು. ಅವುಗಳ ಅವಧಿ 2010ಕ್ಕೇ ಮುಗಿದಿತ್ತು. ಆ ಪೆಟ್ಟಿಗೆ ಬಿಚ್ಚಿದವರ ಮುಖ ನೆನೆಸಿಕೊಂಡು ಬರೆಯಿರಿ, ‘ನ್ಯೂನತೆ’ ತಾನಾಗಿ ಉದುರಿಹೋಗುತ್ತದೆ.

ಯಾಕೆ ತುಂಬಿಸಲಿಲ್ಲ ಎಂಬಲ್ಲಿ ‘ರಾಜಕೀಯ ಇಚ್ಛಾಶಕ್ತಿಯ ಕೊರತೆ’ ಎಂದು ಬರೆದು ಮುಂದೆ ಸಾಗಿದ್ದೀರಿ. ಈ ಮಾತನ್ನು ರಸ್ತೆ ಗುಂಡಿಯಿಂದ ಹಿಡಿದು ಕಾವೇರಿಯವರೆಗೆ ಯಾವುದಕ್ಕೂ ಅಂಟಿಸಬಹುದು. ದುಡ್ಡು ಎಲ್ಲಿಗೆ ಹೋಯಿತು ಹೇಳಿ. 2001ರಲ್ಲಿ ಅಂಚೆ ಲಕೋಟೆಗಳಲ್ಲಿ ಬಂದ ಆಂಥ್ರಾಕ್ಸ್ ಎಂಬ ಮಾರಕ ರೋಗಾಣುವಿನ ಪುಡಿಯಿಂದ ಐವರು ಸತ್ತರು. ಆ ಭಯ ಬಜೆಟ್ಟಿನಲ್ಲಿ ಬೇರು ಬಿಟ್ಟಿತು. ಕೋವಿಡ್‌ಗೆ ಹಿಂದಿನ ದಶಕದ ಬಹುಪಾಲು, ಈ ದಾಸ್ತಾನಿಗೆ ವರ್ಷಕ್ಕೆ ಸಿಗುತ್ತಿದ್ದ ಸುಮಾರು 50 ಕೋಟಿ ಡಾಲರಿನಲ್ಲಿ ಅರ್ಧದ ಹತ್ತಿರ ಆಂಥ್ರಾಕ್ಸ್ ಲಸಿಕೆಗೇ ಹೋಯಿತು. ಲಸಿಕೆಗೂ ಅವಧಿ ಇದೆ, ಮುಗಿದಂತೆಲ್ಲ ಮತ್ತೆ ಕೊಳ್ಳಬೇಕು. ಮಾಸ್ಕಿನ ಸರದಿ ಬರಲೇ ಇಲ್ಲ.

ಇನ್ನು ನಿಮ್ಮ ಪೀಠಿಕೆ. ‘ನಮ್ಮ ಪೂರ್ವಜರು ಹಗೇವಿನಲ್ಲಿ ಜೋಳ ಕೂಡಿಡುತ್ತಿದ್ದರು’ ಎಂದು ಶುರು ಮಾಡಿ, ಮುಂದೆ ಆ ನೆಲದೊಳಗಿನ ಕಣಜವನ್ನು ಮರೆತೇಬಿಟ್ಟಿದ್ದೀರಿ. ನನ್ನ ಅಜ್ಜನ ಮನೆ ಗದಗಿನ ಕಡೆ. ಹಗೇವು ತೆಗೆಯುವ ದಿನ ಬಾಯಿಯ ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಗಾಳಿ ಹೊರಗೆ ಹೋಗಲು ಬಿಡಬೇಕು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಆರದಿದ್ದರೆ ಆಮೇಲೆ ಆಳು ಇಳಿಯುವುದು. ಅಂಚಿನ ಜೋಳ ಕಪ್ಪಾಗಿ ಮುಗ್ಗು ವಾಸನೆ ಹೊಡೆಯುತ್ತಿತ್ತು, ಅದು ದನಕ್ಕೆ. ನಡುವಿನದ್ದು ಮನೆಗೆ. ಹಗೇವನ್ನು ಇಟ್ಟುಕೊಳ್ಳುವುದಾದರೆ ಈ ಕಂದೀಲಿನ ಸಮೇತ ಇಟ್ಟುಕೊಳ್ಳಿ.

ಯಾಕೆಂದರೆ ಅವಧಿ ಮುಗಿದ ಔಷಧವನ್ನೆಲ್ಲ ಎಸೆಯುತ್ತಾರೆ ಎಂದು ಬರೆದಿದ್ದೀರಿ, ಅದು ತಪ್ಪು. ಕಂದೀಲು ಇಳಿಬಿಡುವ ಕೆಲಸ ಅಲ್ಲೂ ಇದೆ. 1986ರಿಂದ ಅಮೆರಿಕದ ರಕ್ಷಣಾ ಇಲಾಖೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜೊತೆ ಸೇರಿ ದಾಸ್ತಾನಿನ ಔಷಧಗಳನ್ನು ಪರೀಕ್ಷಿಸಿ, ಚೆನ್ನಾಗಿದ್ದರೆ ತಾರೀಖು ಮುಂದೂಡುತ್ತದೆ. 2006ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, 122 ಔಷಧಗಳ 3 ಸಾವಿರ ಚಿಲ್ಲರೆ ಲಾಟುಗಳ, ಅಂದರೆ ತಯಾರಿಕೆಯ ಕಂತುಗಳ, ಪೈಕಿ ಶೇ 88ರಷ್ಟು ಕನಿಷ್ಠ ಇನ್ನೊಂದು ವರ್ಷಕ್ಕೆ ಪಾಸಾಗಿದ್ದವು. ಸೀಲು ಒಡೆಯದೆ, ಹದವಾದ ಉಷ್ಣಾಂಶದಲ್ಲಿ ಇಟ್ಟ ಔಷಧದ ಮಾತು ಇದು ಎಂದು ಕಡ್ಡಾಯವಾಗಿ ಸೇರಿಸಿ. ಇಲ್ಲದಿದ್ದರೆ ನಮ್ಮ ಓದುಗರು ಫ್ರಿಜ್ಜಿನ ಮೇಲಿನ ಹಳೇ ಸಿರಪ್ಪು ಕುಡಿದಾರು.

ಪಾದೂರು, ಮಂಗಳೂರುಗಳ ಬಂಡೆಯೊಳಗಿನ ಕಚ್ಚಾತೈಲ ದಾಸ್ತಾನಿನ ಪುಟವನ್ನು ತೆಗೆದಿದ್ದೇನೆ. 25 ಲಕ್ಷ ಟನ್, 15 ಲಕ್ಷ ಟನ್ ಎಂಬ ಅಂಕಿಗಳೇನೋ ಸರಿಯಿವೆ. ಆದರೆ ಮಾತ್ರೆಯ ಹಾಗೆ ತೈಲಕ್ಕೆ ಎಕ್ಸ್‌ಪೈರಿ ಡೇಟಿನ ಗೋಳಿಲ್ಲ, ಅದರ ಕಥೆಯೇ ಬೇರೆ. ಕರ್ನಾಟಕ ಬರಲಿ ಎಂದು ತುರುಕಿದ್ದು ಗೊತ್ತಾಗುತ್ತದೆ.

ಈಗ ಈ ಪತ್ರ ಬರೆಯಲು ಕಾರಣವಾದ ಸಾಲಿಗೆ ಬರುತ್ತೇನೆ. ಅದು ಲೇಖನದಲ್ಲಿಲ್ಲ, ಜೊತೆಗೆ ಕಳಿಸಿದ ಕಾಗದದ ಕೊನೆಯಲ್ಲಿದೆ: ‘ನಾನು ಇಲ್ಲಿನ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನಮ್ಮಲ್ಲೂ ಒಂದು ಕೆಮ್‌ಪ್ಯಾಕ್ ಪೆಟ್ಟಿಗೆ ಇದೆ, ದಿನಾ ಅದರ ಪಕ್ಕ ಹಾದುಹೋಗುತ್ತೇನೆ.’ ಅಲ್ಲಾ ಮಾರಾಯರೇ, ಇದನ್ನು ಬಿಟ್ಟು ಹದಿನೆಂಟು ಪುಟ ಬರೆದಿರಲ್ಲ! ನರಗಳ ಮೇಲೆ ದಾಳಿ ಮಾಡುವ ವಿಷಾನಿಲಕ್ಕೆ ಅಟ್ರೋಪಿನ್, ಪ್ರಾಲಿಡಾಕ್ಸಿಮ್ ಎಂಬ ಮದ್ದುಗಳು ನಿಮಿಷಗಳಲ್ಲಿ ಸಿಗಬೇಕು. 12 ಗಂಟೆಯ ಪುಶ್ ಪ್ಯಾಕೇಜ್ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಅದಕ್ಕೇ ಆ ಮದ್ದಿನ ಪೆಟ್ಟಿಗೆ, ಸರ್ಕಾರದ ಸ್ವತ್ತು, ನಿಮ್ಮ ಆಸ್ಪತ್ರೆಯಲ್ಲಿ ಬೀಗ ಹಾಕಿಕೊಂಡು ಕೂತಿದೆ. ಅಮೆರಿಕದ ಶೇ 90ಕ್ಕಿಂತ ಹೆಚ್ಚು ಜನರಿಗೆ ಇಂಥದ್ದೊಂದು ಪೆಟ್ಟಿಗೆ ಒಂದು ಗಂಟೆಯ ದಾರಿಯಲ್ಲಿದೆ ಎನ್ನುತ್ತಾರೆ. ಆಸ್ಪತ್ರೆಯ ಹೆಸರು, ಊರು ಬೇಡ. ಆ ಜಾಗಗಳನ್ನು ಬಹಿರಂಗ ಮಾಡುವುದಿಲ್ಲ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆರು ಪುಟ ಸಾಕು, ತಿಂಗಳೊಪ್ಪತ್ತಿನಲ್ಲಿ ಕಳಿಸಿ. ಪೆಟ್ಟಿಗೆಯ ಉಷ್ಣಾಂಶ ಏರಿದರೆ ಅಲಾರಂ ಕೂಗುತ್ತದಂತೆ. ನಿಮ್ಮ ಪಾಳಿಯಲ್ಲಿ ಎಂದಾದರೂ ಕೂಗಿದೆಯೇ? ಕೂಗಿದ್ದರೆ ಮೊದಲು ಓಡಿಬಂದವರು ಯಾರು, ಬೀಗದ ಕೈ ಯಾರ ಹತ್ತಿರ ಇತ್ತು? ಅಲ್ಲಿಂದ ಶುರು ಮಾಡಿ.

ನಿಮ್ಮ,
ಸಂಪಾದಕ